ಹಾಡಿನ ಸಂದಿನಲ್ಲಿ ಕಿವಿಯಿಟ್ಟು

ಹಾಡೆಂದರೆ ತಿರುಗಿ ಬರುವುದು ಎಂದೇ ನಮ್ಮ ಕಿವಿ ಪಳಗಿದೆ. ದೇವರನಾಮ, ಭಾವಗೀತೆ, ಸಿನಿಮಾ ಹಾಡು ಯಾವುದೇ ಇರಲಿ, ಚರಣ ಎಷ್ಟು ದೂರ ಸುತ್ತಾಡಿದರೂ ಪಲ್ಲವಿಗೆ ಬಂದು ಸೇರಬೇಕು. ಇಂಗ್ಲಿಷಿನ ಪಾಪ್ ಹಾಡುಗಳೂ ಬಹುಪಾಲು ಇದೇ ಜಾಡಿನವು. ಆದರೆ ಕ್ವೀನ್ ತಂಡದ ‘ಬೊಹೆಮಿಯನ್ ರಾಪ್ಸೋಡಿ’ಗೆ ಪಲ್ಲವಿಯೇ ಇಲ್ಲ. ವಾದ್ಯವಿಲ್ಲದ ಗುಂಪುದನಿಯಲ್ಲಿ ಶುರುವಾಗುತ್ತದೆ, ಪಿಯಾನೊ ಜೊತೆಗೂಡಿ ಮಗನೊಬ್ಬ ತಾಯಿಯೆದುರು ತೋಡಿಕೊಳ್ಳುವ ಅಳಲಾಗುತ್ತದೆ, ಗಿಟಾರಿಗೆ ದಾಟುತ್ತದೆ, ಅಲ್ಲಿಂದ ಒಮ್ಮೆಲೇ ಆಪೆರಾ, ಆಪೆರಾ ಒಡೆದು ಬಿರುಸಾದ ರಾಕ್, ಆಮೇಲೆ ಎಲ್ಲ ತಣ್ಣಗಾಗಿ ಮುಗಿತಾಯ. ಶುರುವಾದದ್ದು ಬಿ-ಫ್ಲ್ಯಾಟ್ ಶ್ರುತಿಯಲ್ಲಿ, ನಿಲ್ಲುವುದು ಎಫ್‌ನಲ್ಲಿ. ಹೊರಟ ಮನೆಗೆ ಅದು ಮರಳುವುದೇ ಇಲ್ಲ. ಕೊನೆಯ ಮಾತುಗಳಲ್ಲಿ ಮೊದಲ ಭಾಗದ ನೆರಳೊಂದು ಸುಳಿಯುತ್ತದೆ, ಅಷ್ಟೆ. ಇಷ್ಟಾಗಿಯೂ 1975ರ ಕೊನೆಯಲ್ಲಿ ಅದು ಬ್ರಿಟನ್ನಿನ ಪಟ್ಟಿಯಲ್ಲಿ 9 ವಾರ ಮೊದಲ ಸ್ಥಾನದಲ್ಲಿತ್ತು. 1991ರಲ್ಲಿ ತಂಡದ ಗಾಯಕ ಫ್ರೆಡ್ಡಿ ಮರ್ಕ್ಯುರಿ ತೀರಿಕೊಂಡ ಮೇಲೆ ಮತ್ತೆ 5 ವಾರ.

ನನಗೆ ಇದು ಒಂದೇ ಹಾಡಾಗಿ ಕೇಳಿಸುತ್ತದೆ, ಐದಾರು ಹಾಡುಗಳ ಸರಮಾಲೆಯಾಗಿ ಅಲ್ಲ. ಯಾಕೆ? ಈ ಪ್ರಶ್ನೆ ಹಿಡಿದು ಭಾಗ ಭಾಗವಾಗಿ ಕಟ್ಟಿದ ಹಾಡುಗಳನ್ನು ಕೇಳುತ್ತ ಹೋದಂತೆ ಇನ್ನೊಂದು ಪ್ರಶ್ನೆ ಬಂದು ಸೇರಿಕೊಂಡಿತು: ಇಂಥ ಹಾಡು ಇನ್ನೊಂದಕ್ಕೆ ಪ್ರೇರಣೆಯಾಯಿತು ಎನ್ನುತ್ತಾರಲ್ಲ, ಒಂದರಿಂದ ಇನ್ನೊಂದಕ್ಕೆ ದಾಟುವುದಾದರೂ ಏನು?

*

ಬೀಟಲ್ಸ್ ತಂಡದ ‘ಎ ಡೇ ಇನ್ ದ ಲೈಫ್’, 1967. ಜಾನ್ ಲೆನನ್ ಬರೆದ ಒಂದು ಹಾಡು, ಪಾಲ್ ಮೆಕಾರ್ಟ್ನಿ ಬಳಿ ಇದ್ದ ಇನ್ನೊಂದು ತುಣುಕು. ಎರಡನ್ನೂ ಸೇರಿಸಬೇಕೆಂದು ತೀರ್ಮಾನಿಸಿದಾಗ ನಡುವೆ ಏನು ಬರಬೇಕೆಂದು ಯಾರಿಗೂ ಗೊತ್ತಿರಲಿಲ್ಲ. ಅದಕ್ಕೆ ಅವರು ಮಾಡಿದ್ದು: 24 ಬಾರ್‌ಗಳಷ್ಟು, ಅಂದರೆ ನಾಲ್ಕೆಣಿಕೆಯ 24 ಆವರ್ತಗಳಷ್ಟು ಜಾಗವನ್ನು ಟೇಪಿನಲ್ಲಿ ಹಾಗೇ ಬಿಟ್ಟರು. ಲೆಕ್ಕ ತಪ್ಪದಿರಲಿ ಎಂದು ತಂಡದ ಸಹಾಯಕ ಮ್ಯಾಲ್ ಇವಾನ್ಸ್ ಒಂದೊಂದೇ ಬಾರನ್ನು ಬಾಯಿಬಿಟ್ಟು ಎಣಿಸಿದರು. ಎಣಿಕೆ ಮುಗಿಯಿತೆಂದು ತಿಳಿಸಲು ಅಲಾರಂ ಗಡಿಯಾರವೊಂದನ್ನು ಬಾರಿಸಿದರು.

ಈ ಗಡಿಯಾರದ ಸದ್ದು ಇಂದಿಗೂ ಹಾಡಿನಲ್ಲಿದೆ. ಮೆಕಾರ್ಟ್ನಿ ತುಣುಕು ನಿದ್ದೆಯಿಂದ ಎದ್ದ ಮನುಷ್ಯನ ಮಾತಿನಿಂದಲೇ ಶುರುವಾಗುವುದರಿಂದ ಅಲಾರಂ ಹೇಳಿಮಾಡಿಸಿದ ಹಾಗೆ ಕೂತುಬಿಟ್ಟಿತು. ಕಿವಿಗೆ ಹೆಡ್‌ಫೋನ್ ಹಾಕಿ ಕೇಳಿದರೆ ಇವಾನ್ಸ್ ಎಣಿಸುವ ದನಿಯೂ ಪಿಯಾನೊ ಅಡಿಯಲ್ಲಿ ಸಿಗುತ್ತದೆ. ಅಂಕಿ ಏರಿದಂತೆ ದನಿಗೆ ಪ್ರತಿಧ್ವನಿ ಹೆಚ್ಚುತ್ತ ಹೋಗುತ್ತದೆ. ಕೆಲಸ ಮುಗಿದ ಮೇಲೆ ಕಿತ್ತು ಹಾಕಬೇಕಾದ ಗುರುತುಗಳೇ ಹಾಡಿನ ಅಂಗವಾಗಿ ಉಳಿದುಕೊಂಡಿವೆ.

ಬಿಟ್ಟ ಜಾಗ ತುಂಬಿದ್ದು 1967ರ ಫೆಬ್ರವರಿ 10ರಂದು. 40 ಮಂದಿ ವಾದ್ಯಗಾರರನ್ನು ಕರೆಸಿದರು. ನಿರ್ಮಾಪಕ ಜಾರ್ಜ್ ಮಾರ್ಟಿನ್ ಪ್ರತಿಯೊಬ್ಬರಿಗೂ ಅವರವರ ವಾದ್ಯದ ಅತಿ ಕೆಳಗಿನ ಸ್ವರ ಬರೆದುಕೊಟ್ಟರು, 24 ಬಾರ್ ಕಳೆದ ಮೇಲೆ ಮುಟ್ಟಬೇಕಾದ ಮೇಲಿನ ಸ್ವರ ಬರೆದುಕೊಟ್ಟರು. ನಡುವಿನ ದಾರಿ ಅವರವರದು. ಪಕ್ಕದವನ ಜೊತೆ ಹೊಂದಿಸಿಕೊಳ್ಳಬೇಡಿ ಎಂಬ ಸೂಚನೆ ಬೇರೆ. ಒಟ್ಟಾಗಿ ನುಡಿಸುವುದೇ ಜೀವನವಾದವರಿಗೆ ಇದು ಎಂಥ ಕಷ್ಟದ ಮಾತು! ಇದನ್ನೇ ನಾಲ್ಕು ಸಲ ನುಡಿಸಿ ಒಂದರ ಮೇಲೊಂದು ಪೇರಿಸಿದರು. ಎರಡು ಹಾಡುಗಳ ನಡುವೆ ಸೇತುವೆ ಇರಬೇಕಾದ ಕಡೆ ಸದ್ದಿನ ಒಂದು ಏರು ಬಂದು ನಿಂತಿತು.

ಇನ್ನೊಂದು ಸಂಗತಿ ನನ್ನನ್ನು ಬಹಳ ಕಾಡಿತು. ಲೆನನ್ ಭಾಗದ ಶ್ರುತಿ ಜಿ, ಮೆಕಾರ್ಟ್ನಿ ಭಾಗದ್ದು ಇ. ನಡುವಿನ ತುಣುಕು ಮುಗಿದ ಮೇಲೆ ಲೆನನ್ ಹಾಡು ಮತ್ತೆ ಬರುತ್ತದೆ, ಹಾಗಾಗಿ ಜಿಗೆ ಮರಳಿ ಅಲ್ಲೇ ನಿಲ್ಲಬಹುದಿತ್ತು. ಹಾಗೆ ಆಗುವುದಿಲ್ಲ. ಎರಡನೇ ಏರು ಬಂದು ತಲುಪುವುದು ಇ-ಮೇಜರ್‌ನ ಆ ಪ್ರಸಿದ್ಧ ಕೊನೆಯ ಸ್ವರಮೇಳವನ್ನು. ಹಲವು ಪಿಯಾನೊ, ಒಂದು ಹಾರ್ಮೋನಿಯಂ, ಎಲ್ಲರೂ ಒಟ್ಟಿಗೆ ಒತ್ತಿ ಹಿಡಿದದ್ದು. ನಾದ ಕರಗುತ್ತಿದ್ದಂತೆ ಎಂಜಿನಿಯರ್ ಧ್ವನಿಮಟ್ಟ ಏರಿಸುತ್ತ ಹೋದರು. ಅದು 40 ಸೆಕೆಂಡಿಗೂ ಹೆಚ್ಚು ಹೊತ್ತು ಉಳಿಯುತ್ತದೆ, ಕೊನೆಕೊನೆಗೆ ಯಾರದೋ ಕುರ್ಚಿ ಕಿರುಗುಟ್ಟಿದ್ದೂ ಕೇಳಿಸುತ್ತದೆ. ಒಬ್ಬನ ಶ್ರುತಿಯಲ್ಲಿ ಹೊರಟ ಹಾಡು ಇನ್ನೊಬ್ಬನ ಶ್ರುತಿಯಲ್ಲಿ ಮುಗಿಯುತ್ತದೆ. ಬರೀ ಅಂಟಿಸಿದ ಎರಡು ಹಾಡಾಗಿದ್ದರೆ ಹೀಗಾಗುತ್ತಿರಲಿಲ್ಲ. ಒಂದು ಇನ್ನೊಂದನ್ನು ಒಳಗಿನಿಂದ ಬದಲಿಸಿದೆ.

*

ಖಾಲಿ ಟೇಪಿನ ಕಥೆ ಕ್ವೀನ್ ಹಾಡಿನಲ್ಲೂ ಇದೆ. ನಿರ್ಮಾಪಕ ರಾಯ್ ಥಾಮಸ್ ಬೇಕರ್ ನೆನೆದಿರುವ ಪ್ರಕಾರ ಮರ್ಕ್ಯುರಿ ಮೊದಲು ಪಿಯಾನೊದಲ್ಲಿ ಹಾಡಿನ ಶುರುವನ್ನು ನುಡಿಸಿ ತೋರಿಸಿದರು, ನಡುವೆ ಕೈಯೆತ್ತಿ ಇಲ್ಲಿ ಆಪೆರಾ ಬರುತ್ತದೆ ಅಂದರು. ರೆಕಾರ್ಡಿಂಗ್ ನಡೆದಾಗ ಅದಕ್ಕೆಂದು ಸುಮಾರು 30 ಸೆಕೆಂಡಿನ ಟೇಪು ಬಿಟ್ಟಿದ್ದರು. ಆಪೆರಾ ದಿನದಿನಕ್ಕೂ ಬೆಳೆಯುತ್ತ ಹೋಯಿತು. ಮರ್ಕ್ಯುರಿ, ಬ್ರಯನ್ ಮೇ, ರೋಜರ್ ಟೇಲರ್ ಮೂವರೇ ದಿನಕ್ಕೆ 10–12 ಗಂಟೆ ಹಾಡಿ, ದನಿಯ ಮೇಲೆ ದನಿ ಹೊದಿಸಿ, ಆ ಒಂದು ಭಾಗಕ್ಕೇ ಸುಮಾರು ಮೂರು ವಾರ ಹಿಡಿಯಿತು. ಮತ್ತೆ ಮತ್ತೆ ಓಡಿಸಿದ ಟೇಪಿನ ಲೇಪ ಸವೆದು ಬೆಳಕು ಆಚೆಗೆ ಕಾಣುತ್ತಿತ್ತಂತೆ.

ಎರಡು ಹಾಡುಗಳಲ್ಲೂ ಕಟ್ಟುವವರು ಮೊದಲು ಗುರುತು ಹಾಕಿದ್ದು ತಮಗೆ ಇನ್ನೂ ಗೊತ್ತಿಲ್ಲದ ಜಾಗವನ್ನು. ಬರೆದದ್ದನ್ನೆಲ್ಲ ಬರೆದು ಮುಗಿಸಿ ಆಮೇಲೆ ಜೋಡಿಸಿದ್ದಲ್ಲ. ನಡುವೆ ಬಾಯ್ತೆರೆದ ಸಂದು ಇತ್ತು. ಅದನ್ನು ತುಂಬುವ ಒತ್ತಾಯವೇ ಅವರಿಂದ ಅತ್ಯಂತ ಸಾಹಸದ ಸಂಗೀತವನ್ನು ಹೊರಡಿಸಿತು. ಭಾಗಗಳಿಗಿಂತ ಬೆಸುಗೆಗೇ ಹೆಚ್ಚು ಕಿವಿ ಕೊಡಬೇಕೆಂದು ನಾನು ತೀರ್ಮಾನಿಸಿದ್ದು ಇಲ್ಲಿ.

*

ಬೆಸುಗೆಯನ್ನು ಅಡಗಿಸದೆಯೂ ಗೆಲ್ಲಬಹುದು. ಬೀಚ್ ಬಾಯ್ಸ್ ತಂಡದ ‘ಗುಡ್ ವೈಬ್ರೇಷನ್ಸ್’ 1966ರ ಅಕ್ಟೋಬರಿನದು. ಮೂರೂವರೆ ನಿಮಿಷದ ಹಾಡಿಗೆ ಬ್ರಯನ್ ವಿಲ್ಸನ್ ಫೆಬ್ರವರಿಯಿಂದ ಸೆಪ್ಟೆಂಬರ್‌ವರೆಗೆ ದುಡಿದರು. ಲಾಸ್ ಏಂಜಲೀಸಿನ ಒಂದೇ ಸ್ಟುಡಿಯೋದಲ್ಲಲ್ಲ, ಹಲವು ಸ್ಟುಡಿಯೋಗಳಲ್ಲಿ. ಒಂದೊಂದು ಕೋಣೆಗೆ ಒಂದೊಂದು ದನಿ, ಒಂದೊಂದು ಗುಣ ಎಂದು ನಂಬಿದ್ದವರು ಅವರು. ಚೆಲ್ಲೊ ಒಂದೇ ಸ್ವರವನ್ನು ಮೂರು ಮೂರಾಗಿ ಕುಟ್ಟುವ ತುಣುಕು ಒಂದು ಕಡೆ, ಆರ್ಗನ್ ಜೊತೆ ಎಲ್ಲವೂ ನಿಧಾನವಾಗಿ ಬಿಡುವ ತುಣುಕು ಇನ್ನೊಂದು ಕಡೆ. ಆಮೇಲೆ ಟೇಪನ್ನು ಕತ್ತರಿಸಿ ಅಂಟಿಸಿದರು. ಕಿವಿಗೊಟ್ಟು ಕೇಳಿದರೆ ಒಂದು ಕೋಣೆಯ ಗಾಳಿ ಹೋಗಿ ಇನ್ನೊಂದು ಕೋಣೆಯ ಗಾಳಿ ಬಂದದ್ದು ತಿಳಿಯುತ್ತದೆ. ಇದಕ್ಕೆ ಪಲ್ಲವಿ ಇದೆ ಎಂಬುದು ನಿಜ. ಆದರೆ ಎರಡನೇ ಪಲ್ಲವಿಯಾದ ಮೇಲೆ ಅದು ಹಿಡಿಯುವ ದಾರಿ ಆ ಹೊತ್ತಿನ ಯಾವ ಪಾಪ್ ಹಾಡೂ ತುಳಿದದ್ದಲ್ಲ.

ಪ್ರಭಾವದ ಸರಪಳಿ ಇಲ್ಲಿ ಕೈಗೇ ಸಿಗುತ್ತದೆ. ಬೀಟಲ್ಸ್‌ನ ‘ರಬ್ಬರ್ ಸೋಲ್’ (1965ರ ಡಿಸೆಂಬರ್) ಕೇಳಿ ವಿಲ್ಸನ್ ‘ಪೆಟ್ ಸೌಂಡ್ಸ್’ (1966ರ ಮೇ) ಮಾಡಿದರು; ಅದನ್ನು ಕೇಳಿದ ಮೆಕಾರ್ಟ್ನಿ ಮನಸ್ಸು ‘ಎ ಡೇ ಇನ್ ದ ಲೈಫ್’ ಇರುವ ‘ಸಾರ್ಜೆಂಟ್ ಪೆಪ್ಪರ್’ ಆಲ್ಬಮ್ ಕಡೆ ಓಡಿತು. ಇಬ್ಬರೂ ಇದನ್ನು ಬಾಯಿತುಂಬ ಒಪ್ಪಿಕೊಂಡವರೇ. ಆದರೂ ಸಾಗರದ ಆಚೆಯಿಂದ ಈಚೆಗೆ ಬಂದ ರಾಗವನ್ನೊಂದು ಹುಡುಕಿ ನೋಡಿ, ಸಿಗುವುದಿಲ್ಲ. ಬಂದದ್ದು ಇಷ್ಟು ದೂರ ಹೋಗಬಹುದು ಎನ್ನುವ ಧೈರ್ಯ.

*

ನಮ್ಮ ಆಕಾಶವಾಣಿಯೂ ಈ ಕಥೆಯೊಳಗಿದೆ. ‘ಸಾರ್ಜೆಂಟ್ ಪೆಪ್ಪರ್’ನಲ್ಲೇ ಬೀಟಲ್ಸ್‌ನ ಜಾರ್ಜ್ ಹ್ಯಾರಿಸನ್ ಬರೆದ ‘ವಿದಿನ್ ಯು ವಿದೌಟ್ ಯು’ ಇದೆಯಲ್ಲ, ಅದರ ಮೂಲ ಪಂಡಿತ್ ರವಿಶಂಕರ್ ಆಕಾಶವಾಣಿಗಾಗಿ ರಚಿಸಿದ ಒಂದು ದೀರ್ಘ ಕೃತಿ. ಅರ್ಧ ಗಂಟೆಗೂ ಮೀರಿದ, ಹಲವು ಭಾಗಗಳ ಆ ರಚನೆಯನ್ನು ಕೇಳಿ ಹ್ಯಾರಿಸನ್ ಅದರ ಚಿಕ್ಕ ರೂಪವೊಂದನ್ನು ಮಾಡಲು ಹೊರಟರು. ಲಂಡನ್ನಿನಲ್ಲಿದ್ದ ಭಾರತೀಯ ವಾದಕರು ದಿಲ್‌ರುಬಾ, ತಬಲಾ, ತಂಬೂರಿ, ಸ್ವರಮಂಡಲ ನುಡಿಸಿದರು. ಶುರುವಿನಲ್ಲಿ ತಾಳವಿಲ್ಲದ ಪುಟ್ಟ ಆಲಾಪ. ಹಾಡುವ ಭಾಗ 16 ಮಾತ್ರೆಯ ತೀನ್‌ತಾಲ್‌ನಲ್ಲಿ. ನಡುವೆ ವಾದ್ಯಗಳು ಮಾತ್ರ ಸಂವಾದಕ್ಕಿಳಿದಾಗ ತಬಲಾ 10 ಮಾತ್ರೆಯ ಝಪ್‌ತಾಲ್‌ಗೆ ತಿರುಗುತ್ತದೆ, ಮುಗಿದ ಮೇಲೆ ಮತ್ತೆ 16ಕ್ಕೆ.

ತಾಳ ಬದಲಾದದ್ದು ನನಗೆ ಮೊದಮೊದಲು ಗಮನಕ್ಕೇ ಬಂದಿರಲಿಲ್ಲ. ಅಷ್ಟು ಹದವಾಗಿದೆ ಆ ಬೆಸುಗೆ. ಆಧಾರ ಶ್ರುತಿ ಕದಲುವುದಿಲ್ಲ, ಸ್ವರಗಳು ಖಮಾಜ್ ಥಾಟ್‌ನವು, ನಮ್ಮ ಕಡೆಯ ಲೆಕ್ಕದಲ್ಲಿ ಹರಿಕಾಂಭೋಜಿ. ತಂಬೂರಿ ನಿಲ್ಲದೆ ಮಿಡಿಯುತ್ತಿದ್ದರೆ ಮೇಲೆ ಏನು ಬೇಕಾದರೂ ತಿರುವಿ ಹಾಕಬಹುದು ಎಂಬುದನ್ನು ಹ್ಯಾರಿಸನ್ ಚೆನ್ನಾಗಿ ಅರಿತಿದ್ದರು. ಇನ್ನೂ ಹಿಂದಕ್ಕೆ ಹೋದರೆ ಸರಪಳಿ ದಕ್ಷಿಣಕ್ಕೂ ಬಂದು ಮುಟ್ಟುತ್ತದೆ: ಕೀರವಾಣಿ, ಚಾರುಕೇಶಿಯಂಥ ಕರ್ನಾಟಕ ಸಂಗೀತದ ರಾಗಗಳನ್ನು ಸಿತಾರಿಗೆ ತಂದು ಹಿಂದೂಸ್ತಾನಿಯಲ್ಲಿ ಬಳಕೆಗೆ ತಂದವರಲ್ಲಿ ರವಿಶಂಕರ್ ಮುಖ್ಯರು.

*

ರಾಗಮಾಲಿಕೆ ಕೇಳಿ ಬೆಳೆದವರಿಗೆ ಭಾಗ ಬದಲಾಗುವುದು ಹೊಸತಲ್ಲ. ಮುತ್ತುಸ್ವಾಮಿ ದೀಕ್ಷಿತರ ‘ಶ್ರೀ ವಿಶ್ವನಾಥಂ’ 14 ರಾಗಗಳನ್ನು ದಾಟುತ್ತದೆ. ಆದರೆ ಅಲ್ಲಿ ದಾಟಿದ್ದನ್ನೆಲ್ಲ ವಿಲೋಮವಾಗಿ, ಬಂದ ದಾರಿಯಲ್ಲೇ ಹಿಂದಿರುಗಿ, ಮೊದಲ ಶ್ರೀರಾಗಕ್ಕೆ ತಂದು ಸೇರಿಸುವ ಏರ್ಪಾಡಿದೆ. ಸಾಹಿತ್ಯದ ದೇವರು ಒಬ್ಬನೇ, ತಾಳ ಒಂದೇ, ಶ್ರುತಿ ಒಂದೇ. ಇಷ್ಟೆಲ್ಲ ಭದ್ರ ಕಟ್ಟಿದ ಮೇಲೆ ರಾಗ ಬದಲಾಗುತ್ತದೆ. ರಾಕ್ ಸಂಗೀತದವರು ಶ್ರುತಿ, ಗತಿ, ಕಥೆ ಎಲ್ಲವನ್ನೂ ಒಟ್ಟಿಗೆ ಕೈಬಿಟ್ಟರು. ನನ್ನ ಬೆರಗು ಇರುವುದು ಇಲ್ಲಿ.

(ದೀಕ್ಷಿತರೂ ಹೊರಗಿನ ದನಿಗೆ ಕಿವಿ ಮುಚ್ಚಿಕೊಂಡವರಲ್ಲ. ಇಂಗ್ಲಿಷರ ಬ್ಯಾಂಡಿನ ಮಟ್ಟುಗಳಿಗೆ ಅವರು ಸಂಸ್ಕೃತ ಸಾಹಿತ್ಯ ಹೊಂದಿಸಿದ ನೊಟ್ಟುಸ್ವರಗಳನ್ನು ಇಂದಿಗೂ ಮಕ್ಕಳಿಗೆ ಹೇಳಿಕೊಡುತ್ತಾರೆ.)

*

ಕಥೆಯೇ ದಾರವಾದದ್ದೂ ಉಂಟು. ದ ಹೂ ತಂಡದ ‘ಎ ಕ್ವಿಕ್ ಒನ್’ ಆಲ್ಬಮ್, 1966. ಕೊನೆಯಲ್ಲಿ ಹತ್ತು ನಿಮಿಷದಷ್ಟು ಜಾಗ ಉಳಿದಿತ್ತು; ಮ್ಯಾನೇಜರ್ ಕಿಟ್ ಲ್ಯಾಂಬರ್ಟ್ ಸಣ್ಣ ಹಾಡುಗಳನ್ನೇ ಪೋಣಿಸಿ ಒಂದು ಕಥೆ ಮಾಡು ಎಂದು ಪೀಟ್ ಟೌನ್‌ಶೆಂಡ್ ಬೆನ್ನು ಹತ್ತಿದರು. ದೂರ ಹೋದ ಪ್ರಿಯಕರ, ಅಳುವ ಹೆಣ್ಣು, ನಡುವೆ ಬಂದ ಎಂಜಿನ್ ಚಾಲಕ, ಮರಳಿ ಬಂದವನಿಂದ ಕ್ಷಮೆ: ಆರು ತುಣುಕು, ಒಂಬತ್ತು ನಿಮಿಷ. ಕೊನೆಗೆ ಚೆಲ್ಲೊ ಬೇಕಿತ್ತು, ದುಡ್ಡಿರಲಿಲ್ಲ. ಚೆಲ್ಲೊ ಎಲ್ಲಿ ಬರಬೇಕಿತ್ತೋ ಅಲ್ಲಿ ಚೆಲ್ಲೊ, ಚೆಲ್ಲೊ ಎಂದೇ ಹಾಡಿದರು. ಕೇಳಿದಾಗಲೆಲ್ಲ ನನಗೆ ಈ ಹುಡುಗರ ಮೇಲೆ ಪ್ರೀತಿ ಉಕ್ಕುತ್ತದೆ. ಮೂರು ವರ್ಷ ಕಳೆದು ‘ಟಾಮಿ’ ಎಂಬ ಪೂರ್ಣ ರಾಕ್ ಆಪೆರಾ ಬಂತು.

*

ಇನ್ನು ಪ್ರಭಾವವನ್ನು ಸ್ವತಃ ಹೇಳಿಕೊಂಡವರ ಒಂದು ಉದಾಹರಣೆ. ರೇಡಿಯೊಹೆಡ್ ತಂಡದ ‘ಪ್ಯಾರನಾಯ್ಡ್ ಆಂಡ್ರಾಯ್ಡ್’, 1997. ಬೇರೆ ಬೇರೆ ತುಣುಕುಗಳನ್ನು ಒಂದಾಗಿ ಹೊಲಿಯುವ ಯೋಚನೆ ಬಂದದ್ದು ಬೀಟಲ್ಸ್‌ನ 1968ರ ‘ಹ್ಯಾಪಿನೆಸ್ ಈಸ್ ಎ ವಾರ್ಮ್ ಗನ್’ನಿಂದ ಎಂದು ಅವರೇ ಹೇಳಿದ್ದಾರೆ. ‘ಬೊಹೆಮಿಯನ್ ರಾಪ್ಸೋಡಿ’ಯ ಹೆಸರನ್ನೂ ಎತ್ತಿದ್ದಾರೆ.

ಬೀಟಲ್ಸ್ ಹಾಡು, ರೇಡಿಯೊಹೆಡ್ ಹಾಡು ಎರಡನ್ನೂ ಒಂದರ ಹಿಂದೊಂದು ಕೇಳಿದೆ. ಲೆನನ್ ಹಾಡು ಮೂರು ನಿಮಿಷವನ್ನೂ ಮುಟ್ಟುವುದಿಲ್ಲ. ಗಿಟಾರಿನ ತಂತಿಗಳನ್ನು ಒಂದೊಂದಾಗಿ ಮೀಟುವ ಮೆಲುದನಿಯ ಶುರು, ಭಾರವಾದ ಗಿಟಾರಿನ ಮೂರೆಣಿಕೆಯ ನಡೆ, ಒಂದೇ ಮಾತನ್ನು ಹಿಡಿದು ಕುದಿಯುವ ತುಣುಕು, ಕೊನೆಗೆ 1950ರ ದಶಕದ ಅಮೆರಿಕದ ಬೀದಿ ಗಾಯಕರ ಮಾದರಿಯ ಮೇಳದನಿ. ಬಿಟ್ಟು ಬಂದ ಭಾಗಕ್ಕೆ ಅದು ಒಮ್ಮೆಯೂ ತಿರುಗುವುದಿಲ್ಲ. ರೇಡಿಯೊಹೆಡ್ ಹಾಡು ಆರು ನಿಮಿಷ ದಾಟುತ್ತದೆ. ಎರಡನೇ ಭಾಗದಲ್ಲಿ ನಾಲ್ಕೆಣಿಕೆಯ ನಡುವೆ ಏಳೆಣಿಕೆಯ ಆವರ್ತ ನುಗ್ಗುತ್ತದೆ. ಗಿಟಾರ್ ಕೂಗಿ ಕೂಗಿ ತುದಿ ಮುಟ್ಟಿದಾಗ ಎಲ್ಲವೂ ಕಡಿದಂತೆ ನಿಂತು, ನಿಮಿಷಕ್ಕೆ ಸುಮಾರು 82 ಮಿಡಿತದ ಗತಿ 63ರ ಆಸುಪಾಸಿಗೆ ಇಳಿದು, ಒಬ್ಬನದೇ ದನಿಯನ್ನು ಪದರ ಪದರವಾಗಿ ಪೇರಿಸಿದ ಗುಂಪುಗಾನ ಬರುತ್ತದೆ. ಪ್ರಾರ್ಥನೆ ಎಂದೇ ನಾನದನ್ನು ಕೇಳುವುದು. ಆಮೇಲೆ ಆ ಬಿರುಸಾದ ಗಿಟಾರ್ ಮರಳುತ್ತದೆ.

ಮಟ್ಟು ಬೇರೆ, ಸ್ವರಮೇಳ ಬೇರೆ, ವಸ್ತು ಬೇರೆ. ಲೆನನ್ ಹಿಂದಿರುಗುವುದಿಲ್ಲ, ಇವರು ಹಿಂದಿರುಗುತ್ತಾರೆ. ಹಾಗಾದರೆ ತೆಗೆದುಕೊಂಡದ್ದು ಏನನ್ನು? ಕತ್ತರಿಯನ್ನು, ಅಂದರೆ ಹೀಗೆ ಕಡಿದು ಹೀಗೆ ಸೇರಿಸಬಹುದು ಎನ್ನುವ ಸಲಿಗೆಯನ್ನು. ಎಲ್ಲಿ ಕಡಿಯಬೇಕು ಎಂಬುದು ಮಾತ್ರ ಯಾರಿಂದಲೂ ಬರುವುದಿಲ್ಲ. 1996ರಲ್ಲಿ ಅಲಾನಿಸ್ ಮೊರಿಸೆಟ್ ಕಛೇರಿಗಳಿಗೆ ಮುನ್ನ ಈ ತಂಡ ಇದೇ ಹಾಡನ್ನು ಹತ್ತು ನಿಮಿಷಕ್ಕೂ ಹೆಚ್ಚು ನುಡಿಸುತ್ತಿತ್ತು, ಕೊನೆಗೆ ಜಾನಿ ಗ್ರೀನ್‌ವುಡ್ ಅವರ ಉದ್ದನೆಯ ಆರ್ಗನ್ ವಾದನ ಇರುತ್ತಿತ್ತು. ಕೇಳುಗರ ಎದುರು ನುಡಿಸಿ ನುಡಿಸಿ, ಆಮೇಲೆ ಅದನ್ನು ಕತ್ತರಿಸಿ ಎಸೆದರು. ಇಂಥ ವಿವೇಕವನ್ನು ಯಾವ ಹಳೆಯ ಹಾಡೂ ಕಲಿಸಿಕೊಡದು.

*

ನ್ಯಾಯಾಲಯವೂ ಪ್ರಭಾವವನ್ನು ಅಳೆಯಲು ಹೊರಟದ್ದುಂಟು. ಲೆಡ್ ಜೆಪ್ಲಿನ್ ತಂಡದ ‘ಸ್ಟೇರ್‌ವೇ ಟು ಹೆವನ್’ (1971) ಶುರುವಾಗುವ ಗಿಟಾರ್ ನಡೆ, ಸ್ಪಿರಿಟ್ ತಂಡದ ‘ಟಾರಸ್’ನಿಂದ ಬಂದದ್ದು ಎಂದು 2014ರಲ್ಲಿ ಅಮೆರಿಕದಲ್ಲಿ ದಾವೆ ಹೂಡಿದರು. 2016ರಲ್ಲಿ ಜ್ಯೂರಿ ಜೆಪ್ಲಿನ್ ಪರ ತೀರ್ಪು ಕೊಟ್ಟಿತು, 2020ರಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನೇ ಎತ್ತಿಹಿಡಿಯಿತು. ವಾದವೆಲ್ಲ ನಡೆದದ್ದು ಅರ್ಧರ್ಧ ಸ್ವರವಾಗಿ ಕೆಳಗಿಳಿಯುವ ಒಂದು ನಡೆಯ ಸುತ್ತ. ಅಂಥ ಇಳಿನಡೆ ಯುರೋಪಿನ ಸಂಗೀತದಲ್ಲಿ ಶತಮಾನಗಳಿಂದ ಇದೆ.

ನನ್ನ ದೃಷ್ಟಿಯಲ್ಲಿ ಆ ಹಾಡಿನ ಸತ್ವ ಇರುವುದು ಬೇರೆ ಕಡೆ. ಎಂಟು ನಿಮಿಷದ ಹಾಡಿನಲ್ಲಿ ಡ್ರಮ್ಸ್ ಬರುವುದು ನಾಲ್ಕು ನಿಮಿಷ ಕಳೆದ ಮೇಲೆ. ಗತಿ ಕಾಣದ ಹಾಗೆ ಏರುತ್ತ ಹೋಗುತ್ತದೆ. ಸ್ಟುಡಿಯೋ ವಾದಕರಾಗಿ ದುಡಿದಿದ್ದ, ತಂಡದ ಗಿಟಾರ್ ವಾದಕ ಜಿಮ್ಮಿ ಪೇಜ್ ಅವರಿಗೆ ಲಯ ಓಡಬಾರದು ಎನ್ನುವ ಕಟ್ಟುನಿಟ್ಟು ಚೆನ್ನಾಗಿ ಗೊತ್ತಿತ್ತು, ಗೊತ್ತಿದ್ದೇ ಮುರಿದರು. ‘ಎ ಡೇ ಇನ್ ದ ಲೈಫ್’ನಲ್ಲಿ ಬೆಸುಗೆ ಎದ್ದು ಕಾಣುತ್ತದೆ, ಇಲ್ಲಿ ಬೆಸುಗೆ ಎಲ್ಲಿ ಎಂದು ಬೆರಳಿಟ್ಟು ತೋರಿಸುವುದೇ ಕಷ್ಟ. ಈ ಏರಿಕೆಯ ಕಟ್ಟಡವನ್ನು ಎಷ್ಟೋ ತಂಡಗಳು ಆಮೇಲೆ ಎತ್ತಿಕೊಂಡವು. ಅದಕ್ಕೆ ಯಾರೂ ಕೋರ್ಟಿಗೆ ಹೋಗಲಿಲ್ಲ. ಮಟ್ಟಿಗೆ ಒಡೆಯನಿದ್ದಾನೆ, ಕಟ್ಟಡದ ಕ್ರಮಕ್ಕೆ ಇಲ್ಲ. ಸಂಗೀತ ಬೆಳೆದದ್ದು ಈ ಉದಾರತೆಯಿಂದ ಎಂದೇ ನನ್ನ ನಂಬಿಕೆ.

*

10ಸಿಸಿ ತಂಡದ ‘ಊನ್ ನ್ವಿ ಆ ಪಾರಿ’ 1975ರ ಮಾರ್ಚಿನಲ್ಲೇ ಹೊರಬಂದಿತ್ತು. ಎಂಟು ನಿಮಿಷ ಮೀರಿದ, ಮೂರು ಭಾಗದ ಪುಟ್ಟ ಸಂಗೀತ ನಾಟಕ. ಕ್ವೀನ್‌ಗೆ ಪ್ರೇರಣೆ ಇದೇ ಎನ್ನುವವರಿದ್ದಾರೆ. ಆದರೆ 1974ರ ‘ಕ್ವೀನ್ 2’ ಆಲ್ಬಮ್ಮಿನ ‘ದ ಮಾರ್ಚ್ ಆಫ್ ದ ಬ್ಲ್ಯಾಕ್ ಕ್ವೀನ್’ ಕೇಳಿ: ಅಲ್ಲಾಗಲೇ ಮರ್ಕ್ಯುರಿ ಆರು ನಿಮಿಷದಲ್ಲಿ ಎಷ್ಟು ಬಾಗಿಲು ತೆರೆದು ಮುಚ್ಚಿದ್ದಾರೆ! ಒಬ್ಬ ಕಲಾವಿದನ ಮೇಲೆ ಅವನದೇ ಹಳೆಯ ಪ್ರಯತ್ನ ಬೀರುವ ಪ್ರಭಾವವನ್ನು ನಾವು ಯಾಕೆ ಲೆಕ್ಕಕ್ಕೆ ತರುವುದಿಲ್ಲ?

ಮರ್ಕ್ಯುರಿ ಹುಟ್ಟುಹೆಸರು ಫಾರೂಖ್ ಬಲ್ಸಾರಾ, ಜಾಂಜಿಬಾರಿನ ಪಾರ್ಸಿ ಕುಟುಂಬ, ಓದಿದ್ದು ಮಹಾರಾಷ್ಟ್ರದ ಪಂಚಗನಿಯ ಶಾಲೆಯಲ್ಲಿ. ಇದನ್ನು ಹಿಡಿದು ಅವರ ಹಾಡಿನಲ್ಲಿ ಭಾರತವನ್ನು ಹುಡುಕುವ ಆಸೆ ನಮ್ಮವರಿಗೆ ಸಹಜ. ಆ ಶಾಲೆಯಲ್ಲಿ ‘ದ ಹೆಕ್ಟಿಕ್ಸ್’ ಎಂಬ ತಂಡದೊಂದಿಗೆ ಅವರು ಪಿಯಾನೊದಲ್ಲಿ ನುಡಿಸುತ್ತಿದ್ದದ್ದು ಕ್ಲಿಫ್ ರಿಚರ್ಡ್, ಲಿಟಲ್ ರಿಚರ್ಡ್ ಅವರ ಹಾಡುಗಳನ್ನು. ಊರು ಒಂದು ಕಡೆ, ಕಿವಿ ಇನ್ನೊಂದು ಕಡೆ ಇರುವುದು ಹದಿಹರೆಯದಲ್ಲಿ ಎಲ್ಲರ ಪಾಡು.

*

ಸಭೆಯೆದುರು ಈ ಬೆಸುಗೆಗಳಿಗೆ ಏನಾಗುತ್ತದೆ? ಮೂವರೇ ಹಾಡಿದ ಆಪೆರಾ, ಆದರೆ ನೂರಾರು ದನಿಯ ಪದರ. ವೇದಿಕೆಯಲ್ಲಿ ಅದನ್ನು ಹಾಡಲು ಬರುವುದಿಲ್ಲ. ಕ್ವೀನ್ ಕಂಡುಕೊಂಡ ದಾರಿ: ಆಪೆರಾ ಬಂದಾಗ ನಾಲ್ವರೂ ಒಳಗೆ ಹೋಗುತ್ತಿದ್ದರು, ಟೇಪು ಓಡುತ್ತಿತ್ತು, ಬರೀ ಬೆಳಕಿನ ಆಟ, ರಾಕ್ ಭಾಗ ಸಿಡಿದಾಗ ಮತ್ತೆ ಪ್ರತ್ಯಕ್ಷ. ಸ್ಟುಡಿಯೋದಲ್ಲಿ ಖಾಲಿ ಟೇಪಾಗಿ ಹುಟ್ಟಿದ ಜಾಗ ವೇದಿಕೆಯಲ್ಲಿ ಖಾಲಿ ನೆಲವಾಯಿತು. 1985ರ ಜುಲೈ 13ರಂದು ಲೈವ್ ಏಡ್ ಕಾರ್ಯಕ್ರಮದಲ್ಲಿ ವೆಂಬ್ಲಿ ಮೈದಾನದ ಎದುರು ಇನ್ನೂ ದಿಟ್ಟ ಕೆಲಸ ಮಾಡಿದರು: ಮೊದಲ ಭಾಗವನ್ನಷ್ಟೇ ಹಾಡಿ, ಗಿಟಾರಿನ ಕೊನೆಯಲ್ಲಿ ನೇರವಾಗಿ ‘ರೇಡಿಯೊ ಗಾ ಗಾ’ಕ್ಕೆ ಜಿಗಿದರು. ಆ ದೃಶ್ಯ ನೋಡುವಾಗ ಹಾಡು ಅರ್ಧಕ್ಕೆ ನಿಂತಿತೆಂದು ನನಗೆ ಅನ್ನಿಸುವುದೇ ಇಲ್ಲ. ಭಾಗಗಳು ಬಿಡಿಸಲಾಗದ ಹಾಗೆ ಬೆಸೆದಿವೆ ಎಂದುಕೊಂಡಿದ್ದೆನಲ್ಲ, ಹಾಗಿದ್ದರೆ ಇಷ್ಟು ಸಲೀಸಾಗಿ ಬಿಡಿಸಿಕೊಂಡದ್ದು ಹೇಗೆ? ಈ ಗಂಟು ನನಗೆ ಇನ್ನೂ ಬಿಚ್ಚಿಲ್ಲ.

*

ಬೀಟಲ್ಸ್ ಆದ ಮೇಲೂ ಮೆಕಾರ್ಟ್ನಿ ತುಣುಕು ಸೇರಿಸಿ ಹಾಡು ಕಟ್ಟುವ ಚಟ ಬಿಡಲಿಲ್ಲ. ‘ಬ್ಯಾಂಡ್ ಆನ್ ದ ರನ್’ (1973) ಮೂರು ಭಾಗದ್ದು. ಆ ಆಲ್ಬಮ್ಮಿನ ಬಹುಭಾಗವನ್ನು ನೈಜೀರಿಯದ ಲೇಗೋಸಿನಲ್ಲಿ ರೆಕಾರ್ಡ್ ಮಾಡಿದರು. ಅಲ್ಲಿ ಚಾಕು ತೋರಿಸಿದ ಕಳ್ಳರು ಡೆಮೊ ಟೇಪುಗಳನ್ನು ಕಸಿದುಕೊಂಡರು, ಹಾಡುಗಳನ್ನು ನೆನಪಿನಿಂದ ಮತ್ತೆ ಕಟ್ಟಬೇಕಾಯಿತು. ಹಾಡಿನಲ್ಲಿ ಸೆರೆಮನೆಯೊಳಗಿನ ಹಂಬಲ ಮುಗಿದು ವಾದ್ಯವೃಂದ ಒಮ್ಮೆ ಎದ್ದು ಬೀಳುತ್ತದೆ, ಅಕೌಸ್ಟಿಕ್ ಗಿಟಾರ್ ಬಯಲಿಗೆ ಬರುತ್ತದೆ. ಇಲ್ಲಿ ಬೆಸುಗೆಯೇ ಕಥೆ: ಗೋಡೆ ಒಡೆದದ್ದು ಆ ಸಂದಿನಲ್ಲೇ.

*

ಮೂವತ್ತು ವರ್ಷ ಕಳೆದು ಗ್ರೀನ್ ಡೇ ತಂಡ ‘ಜೀಸಸ್ ಆಫ್ ಸಬರ್ಬಿಯಾ’ (2004) ಮಾಡಿತು. ಐದು ಭಾಗ, ಒಂಬತ್ತು ನಿಮಿಷ. ಅದೇ ತಂಡ ಮುಂದೆ ದ ಹೂ ಅವರ ಒಂಬತ್ತು ನಿಮಿಷದ ಆ ಹಳೆಯ ಹಾಡನ್ನೂ ಹಾಡಿ ಋಣ ಸಂದಾಯ ಮಾಡಿತು.

ಈಚೆಗೆ ಈ ಕಟ್ಟಡ ರಾಕ್ ಬಿಟ್ಟು ರ‍್ಯಾಪ್‌ಗೆ ಹೋಗಿದೆ. ಟ್ರಾವಿಸ್ ಸ್ಕಾಟ್ ಅವರ ‘ಸಿಕೋ ಮೋಡ್’ 2018ರ ಡಿಸೆಂಬರಿನಲ್ಲಿ ಅಮೆರಿಕದ ಪಟ್ಟಿಯ ತುದಿ ಮುಟ್ಟಿತು. ಡ್ರೇಕ್ ದನಿಯಲ್ಲಿ ಶುರುವಾಗುವ ಮೊದಲ ಭಾಗ ಒಂದು ನಿಮಿಷದ ಹೊತ್ತಿಗೆ, ಇನ್ನೇನು ತಾಳ ಬಲ ಹಿಡಿಯಿತು ಎನ್ನುವಾಗ, ಕಡಿದುಹೋಗುತ್ತದೆ. ಆಮೇಲೆ ಬೇರೆಯೇ ತಾಳ, ಬೇರೆಯೇ ದನಿ, ಮುಂದೆ ಮೂರನೆಯದು. ಅಲಾರಂ ಇಲ್ಲ, ವಾದ್ಯವೃಂದವಿಲ್ಲ, ಗಿಟಾರಿನ ಸೇತುವೆಯೂ ಇಲ್ಲ. ಇದನ್ನು ಬೀಟಲ್ಸ್ ಸಂತಾನ ಎಂದು ಬರೆಯಲು ನನಗೆ ಮನಸ್ಸು ಬರುವುದಿಲ್ಲ. ಎರಡು ರೆಕಾರ್ಡುಗಳ ನಡುವೆ ಕೈಯಾಡಿಸಿ ಒಂದರಿಂದ ಇನ್ನೊಂದಕ್ಕೆ ಹಾರುವ ಡಿಜೆಗಳ ಪರಂಪರೆ ಅದಕ್ಕೆ ಹೆಚ್ಚು ಹತ್ತಿರ. ಹಾಗಿದ್ದರೆ ಒಂದೇ ಕಟ್ಟಡ ಎರಡು ಬೇರೆ ಊರುಗಳಲ್ಲಿ, ಒಂದಕ್ಕೊಂದು ಸುದ್ದಿಯಿಲ್ಲದೆ ಎದ್ದಿದೆ ಎಂದಾಯಿತು. ಮುಂದೆ ಕೇಳಬೇಕಾದದ್ದು ಆ ಡಿಜೆಗಳ ಹಳೆಯ ರೆಕಾರ್ಡುಗಳನ್ನು. ಹಾರುವ ಮುನ್ನ ಅವರು ಲಯ ಕೂಡಿಸಿಕೊಳ್ಳುತ್ತಾರೆ ಎಂದು ಕೇಳಿದ್ದೇನೆ. ‘ಸಿಕೋ ಮೋಡ್’ನ ಮೊದಲ ಸಂದಿನಲ್ಲಿ ಹಾಗೇನೂ ಕೂಡಿಸಿದಂತೆ ನನ್ನ ಕಿವಿಗೆ ಬೀಳಲಿಲ್ಲ.